ಅನಾಹುತದ ಹೊತ್ತಿನಲ್ಲಿ ನಕಲಿ ದೇಣಿಗೆಯಿಂದ ಮನೆಯ ಹಿರಿಯರನ್ನು ಕಾಯುವುದು ಹೇಗೆ: ಉತ್ತರ ಕನ್ನಡದ ಮನೆಮಂದಿಗೊಂದು ಸಮಗ್ರ ಮಾರ್ಗದರ್ಶಿ

ಅಡಿಕೆ ತೋಟ ಮಾಡುವವರಿಗೆ ಕೊಳೆರೋಗದ ಲೆಕ್ಕಾಚಾರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೈಲುತುತ್ತು ಮತ್ತು ಸುಣ್ಣ ಕೂಡಿಸಿದ ಮದ್ದನ್ನು ಮಳೆ ಹಿಡಿಯುವ ಮೊದಲೇ ಕೊನೆಗಳಿಗೆ (ಅಡಿಕೆ ಗೊನೆಗಳಿಗೆ) ಹೊಡೆದಿರಬೇಕು. ಕಾಯಿ ಉದುರಲು ತೊಡಗಿದ ಮೇಲೆ ಎಷ್ಟು ಹೊಡೆದರೂ ಉದುರಿದ್ದು ಮರಕ್ಕೆ ಮರಳುವುದಿಲ್ಲ. ನಕಲಿ ದೇಣಿಗೆಯ ವಿಷಯದಲ್ಲಿಯೂ ಹೀಗೆಯೇ ಎಂಬುದನ್ನು ನಮ್ಮ ಮನೆಯಲ್ಲಿ ನಷ್ಟವಾದ ಮೇಲೆ ನಾನು ಕಲಿತೆ. ಎಲ್ಲಿಯೋ ಗುಡ್ಡ ಕುಸಿದ ಸುದ್ದಿ ಬಂದ ಕೆಲವೇ ತಾಸುಗಳಲ್ಲಿ ವಂಚಕರ ಸಂದೇಶ ಹಿರಿಯರ ಫೋನಿಗೆ ಬಂದು ಕುಳಿತಿರುತ್ತದೆ. ಆ ಹೊತ್ತಿನಲ್ಲಿ ಬೆಂಗಳೂರಿನಲ್ಲೋ ಗೋವಾದಲ್ಲೋ ಇರುವ ಮಕ್ಕಳು ಎಚ್ಚರಿಕೆ ಹೇಳಲು ಕರೆ ಮಾಡಿದರೆ ಊರಿನಲ್ಲಿ ಕರೆಂಟಿಲ್ಲದೆ ನೆಟ್‌ವರ್ಕ್ ಹೋಗಿರುತ್ತದೆ. ಆದ್ದರಿಂದ ಇಲ್ಲಿ ಹೇಳುವ ಹೆಚ್ಚಿನ ಕೆಲಸಗಳನ್ನು ಜೂನ್ ತಿಂಗಳ ಮೊದಲೇ ಮುಗಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ನಮ್ಮ ಜಿಲ್ಲೆಗೆ ಈ ಮಾತು ಬೇರೆಡೆಗಿಂತ ಹೆಚ್ಚು ಅನ್ವಯಿಸುತ್ತದೆ. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಕಡವಾಡ ಬಳಿಯ ಝರಿವಾಡದಲ್ಲಿ ಗುಡ್ಡ ಮನೆಗಳ ಮೇಲೆ ಬಿದ್ದದ್ದನ್ನು ಅಲ್ಲಿಯವರು ಮರೆತಿಲ್ಲ. 2019ರಲ್ಲಿ ಮತ್ತು 2021ರಲ್ಲಿ ಕದ್ರಾ ಅಣೆಕಟ್ಟಿನಿಂದ ಬಿಟ್ಟ ನೀರು ಕಾಳಿ ನದಿಯ ದಂಡೆಯ ಊರುಗಳಿಗೆ ನುಗ್ಗಿತು. ಅದೇ 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ತೋಟಗಳೇ ಜಾರಿಹೋದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರನ್ನು ಗಂಗಾವಳಿ ನದಿಗೆ ತಳ್ಳಿತು. ಮೂರು ವಾರ ಕಳೆದ ಬೆನ್ನಲ್ಲೇ ಕಾರವಾರ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಮುರಿದುಬಿತ್ತು. ಶಿರೂರಿನಲ್ಲಿ ಕೊಚ್ಚಿಹೋಗಿದ್ದ ಲಾರಿಯನ್ನು ನದಿಯಿಂದ ಮೇಲೆತ್ತಿದ್ದು ಸೆಪ್ಟೆಂಬರ್‌ನಲ್ಲಿ, ಅಂದರೆ ಎರಡು ತಿಂಗಳಿಗೂ ಹೆಚ್ಚು ಕಾಲ ಆ ಸುದ್ದಿ ಮನೆಮನೆಯ ಟಿವಿಯಲ್ಲಿ ಜೀವಂತವಾಗಿತ್ತು. ಸುದ್ದಿ ಇರುವಷ್ಟು ದಿನವೂ ಕರುಣೆ ಇರುತ್ತದೆ, ಮತ್ತು ಆ ಕರುಣೆಯ ಮೇಲೆ ಕಣ್ಣಿಟ್ಟವರೂ ಇರುತ್ತಾರೆ.

ಹಿರಿಯರಿಗೆ ತಿಳಿವಳಿಕೆ ಕಡಿಮೆ, ಅದಕ್ಕೇ ಮೋಸಹೋಗುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ಬದುಕಿದವರು ಅವರು. ಪಕ್ಕದ ಮನೆಯ ಮಾಡು ಹಾರಿಹೋದರೆ ಯಾರೂ ಕೇಳುವ ಮೊದಲೇ ಅಕ್ಕಿ ಕಳುಹಿಸಿ ರೂಢಿಯಿರುವವರು. ವಂಚಕರು ಬಳಸಿಕೊಳ್ಳುವುದು ಅವರ ಈ ಒಳ್ಳೆಯತನವನ್ನೇ. ಹೀಗಾಗಿ ಕೊಡುವುದನ್ನು ನಿಲ್ಲಿಸಲು ಹೊರಟ ಮನೆಯವರು ಸೋಲುತ್ತಾರೆ. ಹಿರಿಯರು ಗುಟ್ಟಾಗಿ ಕೊಡಲು ಕಲಿಯುತ್ತಾರೆ, ಅಷ್ಟೆ. ಎಲ್ಲಿ, ಹೇಗೆ, ಎಷ್ಟು ಕೊಡುವುದು ಎಂಬುದನ್ನು ಅವರ ಜೊತೆ ಕುಳಿತು ಮೊದಲೇ ಗೊತ್ತುಮಾಡಿಕೊಳ್ಳುವುದೇ ಸರಿಯಾದ ದಾರಿ. ಮುಂದಿನ ಹಂತಗಳೆಲ್ಲವೂ ಈ ಒಂದು ಮಾತಿನ ವಿಸ್ತಾರ.

ನಮ್ಮ ಮನೆಯಲ್ಲಿ ನಡೆದದ್ದು

ಶಿರಸಿ ತಾಲ್ಲೂಕಿನ ಹುಲೇಕಲ್ ಕಡೆಯ ಹಳ್ಳಿಯೊಂದರಲ್ಲಿ ನನ್ನ ದೊಡ್ಡಾಯಿ (ದೊಡ್ಡಮ್ಮ) ಒಬ್ಬರೇ ಇರುತ್ತಾರೆ. ಶಿರೂರಿನ ಸುದ್ದಿ ದಿನವಿಡೀ ಬರುತ್ತಿದ್ದ ವಾರದಲ್ಲಿ ಅವರ ವಾಟ್ಸಾಪ್‌ಗೆ ಒಂದು ಚಿತ್ರ ಬಂತು. ಕೆಂಪು ಮಣ್ಣಿನಲ್ಲಿ ಅರ್ಧ ಹೂತ ಮನೆ, ಅದರ ಮುಂದೆ ಕುಳಿತ ಮುದುಕಿ, ಕೆಳಗೆ ಒಂದು ಕ್ಯೂಆರ್ ಕೋಡ್, ಅದರ ಅಡಿಯಲ್ಲಿ ಸೇವಾ ಟ್ರಸ್ಟ್ ಎಂದು ಕೊನೆಗೊಳ್ಳುವ ಒಂದು ಹೆಸರು. ಕಳುಹಿಸಿದವರು ಅಪರಿಚಿತರಲ್ಲ, ಭಜನಾ ಮಂಡಳಿಯ ಗುಂಪಿನಲ್ಲಿರುವ ಪರಿಚಯದವರೇ. ಅವರಿಗೂ ಅದು ಇನ್ನಾರಿಂದಲೋ ಬಂದದ್ದು. ದೊಡ್ಡಾಯಿ ಐದು ಸಾವಿರ ರೂಪಾಯಿ ಕಳುಹಿಸಿದರು. ಎರಡು ದಿನಗಳ ನಂತರ ಬಹಳ ವಿನಯದ ದನಿಯಲ್ಲಿ ಒಂದು ಕರೆ ಬಂತು. ‘ಅಮ್ಮಾ, ತಾಂತ್ರಿಕ ದೋಷದಿಂದ ನಿಮ್ಮ ಹಣ ಎರಡು ಸಲ ಕಡಿತವಾಗಿದೆ, ಒಂದನ್ನು ಹಿಂದಿರುಗಿಸುತ್ತೇವೆ’ ಎಂದು ಹೇಳಿ ಒಂದು ಲಿಂಕ್ ಕಳುಹಿಸಿದರು. ಆ ಲಿಂಕನ್ನು ಒತ್ತಿ, ಕೇಳಿದಲ್ಲಿ ಪಿನ್ ಹಾಕಿದ ಮೇಲೆ ಖಾತೆಯಿಂದ ಮೂವತ್ತೆಂಟು ಸಾವಿರ ಹೋಯಿತು. ಅದು ಆ ವರ್ಷ ಚಾಲಿ ಅಡಿಕೆ ಮಾರಿ, ಕೂಲಿ ಕೊಟ್ಟು, ಉಳಿಸಿಕೊಂಡಿದ್ದ ಹಣ.

ಅವರು ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ. ಅದಕ್ಕೆ ಕಾರಣ ನಾನು. ಹಿಂದಿನ ವರ್ಷ ಯಾರಿಗೋ ಐನೂರು ರೂಪಾಯಿ ಕಳುಹಿಸಿದ್ದಕ್ಕೆ ನಾನು ಅವರನ್ನು ಗಟ್ಟಿಯಾಗಿಯೇ ಬೈದಿದ್ದೆ. ಆ ಹನ್ನೊಂದು ದಿನಗಳಲ್ಲಿ ಹಣ ಎಷ್ಟೋ ಖಾತೆಗಳನ್ನು ದಾಟಿ ಹೋಗಿತ್ತು. ಕೊನೆಗೆ ಹೇಳಿಕೊಂಡಾಗ ಅವರಂದದ್ದು ಒಂದೇ ಮಾತು: ‘ಅವ್ಕೆ ಎಲ್ಲ ಹೋಯ್ದು, ನಮಗೆ ಎಂತ ಕಡ್ಮೆ ಆಯ್ದು ತಮಾ?’ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲ ಹಂತ: ಬೈಯದೆ ಮಾತು ಆರಂಭಿಸುವುದು

ಹಪ್ಪಳ ಒಣಗಿಸುವಾಗಲೋ ಸಂಜೆ ಜಗುಲಿಯಲ್ಲಿ ಕವಳ (ಎಲೆಯಡಿಕೆ) ಹಾಕುವಾಗಲೋ ಮಾತು ತೆಗೆಯಿರಿ. ‘ನಿಮಗೆ ಫೋನಿನ ವಿಷಯ ತಿಳಿಯುವುದಿಲ್ಲ’ ಎಂದು ಶುರುಮಾಡಬೇಡಿ. ‘ಈ ವರ್ಷ ಎಲ್ಲಿಯಾದರೂ ನೆರೆ ಬಂದರೆ ನಮ್ಮ ಮನೆಯಿಂದ ಎಷ್ಟು ಕೊಡೋಣ, ಎಲ್ಲಿಗೆ ಕೊಡೋಣ?’ ಎಂದು ಅವರ ಸಲಹೆ ಕೇಳಿ. ಕುಟುಂಬದ ಹಿರಿಯರಾಗಿ ಅದನ್ನು ನಿರ್ಧರಿಸುವ ಅಧಿಕಾರ ಅವರದೇ ಎಂಬುದು ಮಾತಿನಲ್ಲಿ ಕಾಣಬೇಕು. ಹಿಂದೆ ಎಲ್ಲಿಯಾದರೂ ಹಣ ಹೋಗಿದ್ದರೆ ಅದನ್ನು ಕೆದಕಬೇಡಿ. ಬದಲಿಗೆ ಒಂದು ಮಾತು ಕೊಡಿ: ಎಷ್ಟೇ ಹಣ ಹೋದರೂ, ಎಷ್ಟೇ ಹೊತ್ತಿನಲ್ಲಿ ಹೇಳಿದರೂ, ಈ ಮನೆಯಲ್ಲಿ ಯಾರೂ ಬೈಯುವುದಿಲ್ಲ. ಕೊಟ್ಟ ಮೇಲೆ ಅದನ್ನು ಉಳಿಸಿಕೊಳ್ಳಿ. ಈ ಮಾರ್ಗದರ್ಶಿಯಲ್ಲಿ ಬೇರೇನನ್ನು ಮಾಡಲಾಗದಿದ್ದರೂ ಇದೊಂದನ್ನು ಮಾಡಿ, ಏಕೆಂದರೆ ಹಣ ಹೋದ ಮೊದಲ ಗಂಟೆಯಲ್ಲಿಯೇ ನಿಮಗೆ ಫೋನ್ ಬರುವುದು ಆ ಮಾತಿನ ಬಲದಿಂದ ಮಾತ್ರ.

ಎರಡನೆಯ ಹಂತ: ಕೊಡುವ ದಾರಿಯನ್ನು ಮೊದಲೇ ಗೊತ್ತುಮಾಡುವುದು

ಎರಡು ಅಥವಾ ಮೂರು ದಾರಿಗಳನ್ನು ಆರಿಸಿ, ಅದಕ್ಕಿಂತ ಹೆಚ್ಚು ಬೇಡ. ಅವುಗಳಲ್ಲಿ ಒಂದು ಸರ್ಕಾರದ್ದಾಗಿರಲಿ. ಕರ್ನಾಟಕದ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಚೆಕ್ ಮೂಲಕವಾಗಲಿ ಅಧಿಕೃತ ಜಾಲತಾಣದ ಮೂಲಕವಾಗಲಿ ಯಾರು ಬೇಕಾದರೂ ಕೊಡಬಹುದು. ದೇಶದ ಯಾವುದೇ ಭಾಗದ ಅನಾಹುತಕ್ಕೆ ಕೊಡಬೇಕೆನ್ನುವವರಿಗೆ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ ಇದೆ. ದೇಶ ವಿಭಜನೆಯ ನಿರಾಶ್ರಿತರಿಗಾಗಿ 1948ರ ಜನವರಿಯಲ್ಲಿ ಆರಂಭವಾದ ಈ ನಿಧಿಯ ಹೆಸರನ್ನು ಎಂಬತ್ತು ದಾಟಿದವರಲ್ಲಿ ಅನೇಕರು ಚೆನ್ನಾಗಿಯೇ ಬಲ್ಲರು.

ಎರಡನೆಯ ದಾರಿ ನಿಮಗೆ ಹತ್ತಿರದ್ದಾಗಿರಲಿ. ನೆರೆ ಬಂದಾಗ ಜಿಲ್ಲಾಡಳಿತ ಶಾಲೆ, ಸಮುದಾಯ ಭವನಗಳಲ್ಲಿ ಕಾಳಜಿ ಕೇಂದ್ರಗಳನ್ನು ತೆರೆಯುತ್ತದೆ. ಅಲ್ಲಿ ಏನು ಬೇಕಾಗಿದೆ ಎಂಬುದನ್ನು ಗ್ರಾಮ ಪಂಚಾಯತಿಯಲ್ಲಿ ಅಥವಾ 1077 ಸಂಖ್ಯೆಯ ಜಿಲ್ಲಾ ನಿಯಂತ್ರಣ ಕೊಠಡಿಯಲ್ಲಿ ವಿಚಾರಿಸಿ, ಹಾಸಿಗೆ, ಹೊದಿಕೆ, ಅಕ್ಕಿ, ಬೇಳೆಯನ್ನು ನೇರವಾಗಿ ತಲುಪಿಸಬಹುದು. ಹಣಕ್ಕಿಂತ ವಸ್ತು ಕೊಡುವುದೇ ನಮ್ಮ ಹಿರಿಯರಿಗೆ ಹೆಚ್ಚು ಸಮಾಧಾನ ತರುತ್ತದೆ ಎಂಬುದು ನನ್ನ ಅನುಭವ, ಏಕೆಂದರೆ ಕೊಟ್ಟದ್ದು ಯಾರ ಕೈ ಸೇರಿತೆಂದು ಕಣ್ಣಿಗೆ ಕಾಣುತ್ತದೆ.

ಮೂರನೆಯದಾಗಿ ಯಾವುದಾದರೂ ಸಂಸ್ಥೆಗೆ ಕೊಡುವ ಮನಸ್ಸಿದ್ದರೆ, ಅದನ್ನು ಬಿಸಿಲಿದ್ದಾಗಲೇ ಪರಿಶೀಲಿಸಿಡಿ. ನೀತಿ ಆಯೋಗದ ಎನ್‌ಜಿಒ ದರ್ಪಣ್ ತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕಿದರೆ ನೋಂದಣಿಯ ವಿವರ ಸಿಗುತ್ತದೆ. ಅಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಸಂಸ್ಥೆ ಪ್ರಾಮಾಣಿಕವೆಂದು ಸರ್ಕಾರ ಹೇಳಿದಂತಲ್ಲ. ಆದರೆ ಹೆಸರು ಎಲ್ಲಿಯೂ ಇಲ್ಲದಿದ್ದರೆ ದೂರವಿರಲು ಅಷ್ಟು ಸಾಕು. ದೇಣಿಗೆಗೆ ಆದಾಯ ತೆರಿಗೆಯ ವಿನಾಯಿತಿ (80ಜಿ ಎಂದು ಹೆಸರಾದದ್ದು) ಇದೆಯೆಂದು ಹೇಳುವ ಸಂಸ್ಥೆಯ ನೋಂದಣಿಯನ್ನು ಆದಾಯ ತೆರಿಗೆ ಇಲಾಖೆಯ ತಾಣದಲ್ಲಿ ನೋಡಬಹುದು. ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಆ ವಿನಾಯಿತಿ ಸಿಗುವುದಿಲ್ಲ. ಹೀಗಿರುವಾಗ ‘ಹತ್ತು ಸಾವಿರ ನಗದು ಕೊಡಿ, ತೆರಿಗೆ ಉಳಿಯುತ್ತದೆ’ ಎಂದು ಯಾರಾದರೂ ಹೇಳಿದರೆ, ಅವರಿಗೆ ಕಾನೂನು ಗೊತ್ತಿಲ್ಲ ಅಥವಾ ಅವರ ಉದ್ದೇಶ ಬೇರೆ. ಎಲ್ಲಕ್ಕಿಂತ ಮಿಗಿಲಾಗಿ, ಆ ಸಂಸ್ಥೆ ನಮ್ಮ ಸೀಮೆಯ ಯಾವ ಊರಿನಲ್ಲಿ ಏನು ಮಾಡಿದೆ ಎಂದು ಆ ಊರಿನವರನ್ನೇ ಕೇಳಿ. ಕುಮಟಾದಲ್ಲಿಯೋ ಹೊನ್ನಾವರದಲ್ಲಿಯೋ ನಮಗೊಬ್ಬರು ನೆಂಟರಿಲ್ಲದ ಊರು ಯಾವುದಿದೆ?

ಹಣ ಕೊಡುವ ಬಗೆಯೂ ಮೊದಲೇ ನಿಶ್ಚಯವಾಗಿರಲಿ. ಚೆಕ್ ಬರೆದು ರೂಢಿಯಿರುವ ಹಿರಿಯರು ಅದನ್ನೇ ಬಳಸಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಧಿಯ ಅಥವಾ ಸಂಸ್ಥೆಯ ಪೂರ್ಣ ಹೆಸರು ಬರೆದು, ಎರಡು ಗೆರೆ ಎಳೆದು, ಅಕೌಂಟ್ ಪೇಯಿ ಎಂದು ಬರೆದ ಚೆಕ್ ಬೇರೆಯವರ ಖಾತೆಗೆ ಜಮಾ ಆಗುವುದಿಲ್ಲ. ಅಂಚೆಗೆ ಹಾಕಲು ಪೇಟೆಗೆ ಹೋಗಬೇಕು, ಅದಕ್ಕೆ ಒಂದು ದಿನ ಹಿಡಿಯುತ್ತದೆ. ಆ ನಿಧಾನವೇ ಇಲ್ಲಿ ರಕ್ಷಣೆ.

ಇಷ್ಟು ನಿರ್ಧಾರವಾದ ಮೇಲೆ, ದಪ್ಪ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದು, ಗೋಡೆಯ ದಿನದರ್ಶಿಕೆಯ ಪಕ್ಕದಲ್ಲಿ ಅಂಟಿಸಿ. ಯಾವ ದಾರಿಗಳು, ವರ್ಷಕ್ಕೆ ಎಷ್ಟು ಹಣ, ಕೇಳಬೇಕಾದವರ ಫೋನ್ ಸಂಖ್ಯೆ, ಮತ್ತು ಕೆಳಗೆ 1930 ಎಂಬ ಸೈಬರ್ ವಂಚನೆಯ ಸಹಾಯವಾಣಿ ಸಂಖ್ಯೆ ಅದರಲ್ಲಿರಲಿ. ಈ ಹಾಳೆಯಲ್ಲಿಲ್ಲದ ಯಾವ ಕಡೆಗೂ ಅದೇ ದಿನ ಹಣ ಹೋಗುವುದಿಲ್ಲ.

ಮೂರನೆಯ ಹಂತ: ಒಂದು ರಾತ್ರಿ ಬಿಡುವುದು

ವಂಚಕರ ಮಾತಿನಲ್ಲಿ ಯಾವಾಗಲೂ ಅವಸರವಿರುತ್ತದೆ. ಇಂದು ರಾತ್ರಿಯೊಳಗೆ ಔಷಧ ತಲುಪದಿದ್ದರೆ ಮಗು ಉಳಿಯುವುದಿಲ್ಲ, ಲಾರಿ ಹೊರಟು ನಿಂತಿದೆ, ಇನ್ನು ಅರ್ಧ ಗಂಟೆಯಲ್ಲಿ ಖಾತೆ ಮುಚ್ಚುತ್ತದೆ ಎಂದೆಲ್ಲ ಹೇಳುತ್ತಾರೆ. ನಿಜವಾದ ಪರಿಹಾರ ಕಾರ್ಯ ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುವಂಥದ್ದು. ಬಿದ್ದ ಮನೆ ಏಳಲು ಮುಂದಿನ ಬೇಸಿಗೆಯೇ ಬರಬೇಕು. ನಾಳೆ ಕೊಟ್ಟ ಹಣವೂ ಅಷ್ಟೇ ಉಪಯೋಗಕ್ಕೆ ಬರುತ್ತದೆ.

ಹಿರಿಯರಿಗೆ ‘ಇಲ್ಲ’ ಎನ್ನುವುದು ಕಷ್ಟ. ಆದ್ದರಿಂದ ಅವರ ಬಾಯಿಗೆ ಸುಲಭವಾಗಿ ಬರುವ ಒಂದು ವಾಕ್ಯವನ್ನು ರೂಢಿ ಮಾಡಿಸಿ: ‘ಮನೆಯಲ್ಲಿ ಕೇಳಿ ನಾಳೆ ಕೊಡುತ್ತೇನೆ.’ ಅದರಲ್ಲಿ ನಿರಾಕರಣೆ ಇಲ್ಲ, ಅಗೌರವವೂ ಇಲ್ಲ. ನೀವೇ ವಂಚಕರಂತೆ ಕರೆ ಮಾಡಿ ಎರಡು ಮೂರು ಸಲ ಅಭ್ಯಾಸ ಮಾಡಿಸಿ. ಎದುರಿನವರು ಅಳುವಂತೆ, ಗದರುವಂತೆ, ‘ನಿಮ್ಮಂಥವರಿಗೆ ಕರುಣೆ ಇಲ್ಲವೇ’ ಎಂದು ಚುಚ್ಚುವಂತೆ ಮಾತನಾಡಿ ನೋಡಿ. ಮೊದಲ ಸಲ ದೊಡ್ಡಾಯಿ ನನ್ನ ನಟನೆಗೇ ಕರಗಿ ಎರಡು ಸಾವಿರ ಒಪ್ಪಿಕೊಂಡಿದ್ದರು. ಮೂರನೆಯ ಸಲ ಮಾತು ಮುಗಿಸಿ ಫೋನ್ ಇಟ್ಟೇಬಿಟ್ಟರು.

ನಾಲ್ಕನೆಯ ಹಂತ: ಖಾತೆ ಮತ್ತು ಫೋನನ್ನು ಭದ್ರಪಡಿಸುವುದು

ಪಿಂಚಣಿ, ಠೇವಣಿ ಮತ್ತು ಅಡಿಕೆಯ ಹಣ ಇರುವ ಖಾತೆಯನ್ನು ಯುಪಿಐಗೆ ಜೋಡಿಸಬೇಡಿ. ಫೋನಿನಿಂದ ಹಣ ಕೊಡಲು ಬೇರೆಯೇ ಒಂದು ಚಿಕ್ಕ ಖಾತೆ ಇರಲಿ. ತಿಂಗಳಿಗೆ ಬೇಕಾದ ಎರಡು ಮೂರು ಸಾವಿರ ಮಾತ್ರ ಅದರಲ್ಲಿರಲಿ. ಯುಪಿಐ ಮೂಲಕ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷದವರೆಗೆ ಹಣ ಕಳುಹಿಸಲು ಸಾಧ್ಯವಿರುವುದರಿಂದ ಈ ಬೇರ್ಪಡಿಸುವಿಕೆ ಬಹಳ ಮುಖ್ಯ. ಬ್ಯಾಂಕಿನ ಶಾಖೆಯಲ್ಲಿ ಕೇಳಿದರೆ ದಿನದ ಮಿತಿಯನ್ನು ತಗ್ಗಿಸುವ ಬಗೆಯನ್ನು ತಿಳಿಸುತ್ತಾರೆ. ಹಣ ಹೋದಾಗ ಬರುವ ಎಸ್‌ಎಂಎಸ್ ಬೀಪ್ ಸದ್ದು ಕೇಳುವಷ್ಟು ದೊಡ್ಡದಾಗಿರಲಿ.

ಫೋನಿನಲ್ಲಿ ಅಪರಿಚಿತ ಮೂಲದ ಆ್ಯಪ್ ಹಾಕಿಕೊಳ್ಳುವ ಅನುಮತಿಯನ್ನು ಮುಚ್ಚಿಡಿ. ಸಂತ್ರಸ್ತರ ಪಟ್ಟಿ, ದೇಣಿಗೆ ರಸೀದಿ ಎಂಬ ಹೆಸರಿನಲ್ಲಿ ಬರುವ ಎಪಿಕೆ ಕಡತವನ್ನು (ಫೋನಿಗೆ ಆ್ಯಪ್ ಹಾಕುವ ಕಡತವನ್ನು) ತೆರೆದರೆ ಫೋನಿನ ಸಂದೇಶಗಳೆಲ್ಲ ಬೇರೆಯವರ ಕೈಗೆ ಹೋಗಬಹುದು. ವಾಟ್ಸಾಪ್‌ನಲ್ಲಿ ಎರಡು ಹಂತದ ಪರಿಶೀಲನೆಯನ್ನು ಹಾಕಿ, ಪರಿಚಯದವರು ಮಾತ್ರ ಗುಂಪಿಗೆ ಸೇರಿಸುವಂತೆ ಬದಲಾಯಿಸಿ. ಇವೆಲ್ಲ ಅರ್ಧ ಗಂಟೆಯ ಕೆಲಸ. ಮುಂದಿನ ಸಲ ಊರಿಗೆ ಹೋದಾಗ ಊಟವಾದ ಮೇಲೆ ಮುಗಿಸಬಹುದು.

ಐದನೆಯ ಹಂತ: ಸಂದೇಶ ಬಂದಾಗ ನೋಡಬೇಕಾದದ್ದು

ಭಾಷೆ ತಪ್ಪಾಗಿದ್ದರೆ ಮೋಸ ಎಂಬ ಹಳೆಯ ಗುರುತನ್ನು ಇನ್ನು ನಂಬಬೇಡಿ. ಈಗ ಯಂತ್ರವೇ ಅಚ್ಚುಕಟ್ಟಾದ ಕನ್ನಡ ಬರೆಯುತ್ತದೆ, ಪರಿಚಿತರ ದನಿಯನ್ನೂ ಅನುಕರಿಸುತ್ತದೆ. ಚಿತ್ರ ನಿಜವಾಗಿರಬಹುದು, ಮಣ್ಣಿನಡಿ ಹೂತ ಮನೆಯೂ ನಿಜವಾಗಿರಬಹುದು. ಚಿತ್ರದ ಕೆಳಗಿನ ಖಾತೆ ಆ ಮನೆಯವರದೇ ಎಂಬುದಕ್ಕೆ ಮಾತ್ರ ಆ ಚಿತ್ರ ಸಾಕ್ಷಿಯಲ್ಲ. ಪರಿಚಯದವರು ಕಳುಹಿಸಿದ್ದಾರೆ ಎಂಬುದೂ ಸಾಕ್ಷಿಯಲ್ಲ. ‘ಇದು ನಿಮಗೆ ಎಲ್ಲಿಂದ ಬಂತು, ನೀವು ಯಾರನ್ನಾದರೂ ವಿಚಾರಿಸಿದ್ದೀರಾ?’ ಎಂದು ಅವರಿಗೆ ಕರೆ ಮಾಡಿ ಕೇಳಿದರೆ ಹತ್ತರಲ್ಲಿ ಒಂಬತ್ತು ಸಲ ವಿಷಯ ಅಲ್ಲಿಗೇ ಬಗೆಹರಿಯುತ್ತದೆ.

ಕ್ಯೂಆರ್ ಕೋಡ್ ಎಂಬುದು ಕಣ್ಣಿಗೆ ಓದಲಾಗದ ವಿಳಾಸ. ಅಸಲಿ ಭಿತ್ತಿಪತ್ರದಲ್ಲಿ ಕೋಡ್ ಮಾತ್ರ ಬದಲಾಯಿಸಿದರೂ ನೋಡುವವರಿಗೆ ತಿಳಿಯುವುದಿಲ್ಲ. 2024ರ ಜುಲೈ 30ರಂದು ವಯನಾಡಿನಲ್ಲಿ ಭೂಕುಸಿತವಾದ ಬಳಿಕ ಕೇರಳ ಸರ್ಕಾರ ತನ್ನ ಮುಖ್ಯಮಂತ್ರಿ ಪರಿಹಾರ ನಿಧಿಗೆ ಪ್ರಕಟಿಸಿದ್ದ ಕ್ಯೂಆರ್ ಕೋಡ್ ವ್ಯವಸ್ಥೆಯನ್ನು ಇಂಥ ದುರುಪಯೋಗದ ಆತಂಕದಿಂದಲೇ ಹಿಂದೆಗೆದುಕೊಂಡಿತು. ಸ್ಕ್ಯಾನ್ ಮಾಡಿದ ಮೇಲೆ, ಪಿನ್ ಒತ್ತುವ ಮೊದಲು, ಪರದೆಯ ಮೇಲೆ ಹಣ ಪಡೆಯುವವರ ಹೆಸರು ಕಾಣಿಸುತ್ತದೆ. ಅಲ್ಲಿ ಒಂದು ಕ್ಷಣ ನಿಂತು ಆ ಹೆಸರನ್ನು ಗಟ್ಟಿಯಾಗಿ ಓದುವಂತೆ ಹಿರಿಯರಿಗೆ ಹೇಳಿ. ಭಿತ್ತಿಪತ್ರದಲ್ಲಿ ಟ್ರಸ್ಟ್ ಎಂದಿದ್ದು ಪರದೆಯಲ್ಲಿ ಒಬ್ಬ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ಬಿಡಬೇಕು. ದೊಡ್ಡಾಯಿಯ ಫೋನನ್ನು ನಂತರ ನೋಡಿದಾಗ ಆ ಐದು ಸಾವಿರ ಹೋದದ್ದು ನಮ್ಮ ರಾಜ್ಯದವರಂತೆಯೂ ಕಾಣದ ಒಬ್ಬ ಗಂಡಸಿನ ಹೆಸರಿಗೆ. ಆ ಹೆಸರು ಅವರ ಕಣ್ಣೆದುರೇ ಇತ್ತು, ಅದನ್ನು ಓದಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಯುಪಿಐ ವಿಳಾಸದ ಒಂದೊಂದು ಅಕ್ಷರವನ್ನೂ ನೋಡಬೇಕು. 2020ರ ಮಾರ್ಚ್‌ನಲ್ಲಿ ಪಿಎಂ ಕೇರ್ಸ್ ನಿಧಿ ಆರಂಭವಾದ ಕೆಲವೇ ದಿನಗಳಲ್ಲಿ, ಅಸಲಿ ವಿಳಾಸದ ಒಂದೇ ಒಂದು ‘ಎಸ್’ ಅಕ್ಷರ ಬಿಟ್ಟ ನಕಲಿ ಯುಪಿಐ ವಿಳಾಸ ಹರಿದಾಡಿ, ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ವಿಭಾಗ ಎಚ್ಚರಿಕೆ ನೀಡಬೇಕಾಯಿತು. ಜಾಲತಾಣವಾದರೆ ಅದರ ಹೆಸರಿನ ಕೊನೆಯಲ್ಲಿ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಇರುವುದೇ ಸರ್ಕಾರದ್ದು. ಮಧ್ಯದಲ್ಲೆಲ್ಲೋ ಆ ಅಕ್ಷರಗಳಿದ್ದು ಕೊನೆಯಲ್ಲಿ ಬೇರೇನೋ ಇದ್ದರೆ ಅದು ಸರ್ಕಾರದ್ದಲ್ಲ. ಸಂದೇಶದಲ್ಲಿರುವ ಫೋನ್ ಸಂಖ್ಯೆಗೇ ಕರೆ ಮಾಡಿ ‘ನೀವು ಅಸಲಿಯೇ?’ ಎಂದು ಕೇಳುವುದು ವ್ಯರ್ಥ. ಬೇರೆ ಕಡೆಯಿಂದ ಸಂಖ್ಯೆ ಪಡೆದು ವಿಚಾರಿಸಬೇಕು.

ಆರನೆಯ ಹಂತ: ಬಾಗಿಲಿಗೆ ಬಂದವರು

ರಸೀದಿ ಪುಸ್ತಕ ಹಿಡಿದು ಅಂಗಳಕ್ಕೆ ಬಂದವರಿಗೆ ನೀರು, ಬೆಲ್ಲ ಕೊಡಿ; ಹಣವನ್ನು ಮಾತ್ರ ಹಾಳೆಯಲ್ಲಿ ಬರೆದ ದಾರಿಯಲ್ಲಿಯೇ ಕೊಡಿ. ಯಾವ ಪಂಚಾಯತಿಯವರಿಗೆ ಹೇಳಿ ಬಂದಿದ್ದೀರಿ, ಯಾವ ಊರಿನ ಯಾವ ಮನೆಗೆ ಈ ಹಣ ಎಂದು ಕೇಳಿದರೆ ಸರಿಯಾದವರು ಬೇಸರಿಸದೆ ಉತ್ತರಿಸುತ್ತಾರೆ. ಒಂಟಿಯಾಗಿರುವ ಹಿರಿಯರು ಒಳಗಿನಿಂದ ಹಣ ತರಲು ಹೋಗುವಾಗ ಬಾಗಿಲು ತೆರೆದಿಡಬಾರದು.

ಏಳನೆಯ ಹಂತ: ಎರಡನೆಯ ಕರೆಯ ಬಗ್ಗೆ ವಿಶೇಷ ಎಚ್ಚರ

ಇದನ್ನು ಪ್ರತ್ಯೇಕವಾಗಿ ಹೇಳಲು ಕಾರಣವಿದೆ. ಮೊದಲ ದೇಣಿಗೆಯಲ್ಲಿ ಹೋಗುವುದು ಸಾವಿರಗಳ ಲೆಕ್ಕದ ಹಣ. ದೊಡ್ಡ ನಷ್ಟವಾಗುವುದು ಅದರ ನಂತರದ ಕರೆಯಲ್ಲಿ. ಒಮ್ಮೆ ಕೊಟ್ಟವರ ಹೆಸರು ಮತ್ತು ಸಂಖ್ಯೆ ವಂಚಕರ ಪಟ್ಟಿಗೆ ಸೇರಿರುತ್ತದೆ. ಹಣ ವಾಪಸ್ ಮಾಡುತ್ತೇವೆ, ತೆರಿಗೆ ರಸೀದಿಗೆ ಪ್ಯಾನ್ ಮತ್ತು ಒಟಿಪಿ ಹೇಳಿ, ದಾನಿಗಳ ಸನ್ಮಾನಕ್ಕೆ ಹೆಸರು ನೋಂದಾಯಿಸಿ ಎಂಬ ಯಾವುದೇ ನೆಪದಲ್ಲಿ ಕರೆ ಬರಬಹುದು. ಇಲ್ಲಿ ಎರಡೇ ಸಂಗತಿಗಳನ್ನು ಹಿರಿಯರಿಗೆ ಕಂಠಪಾಠ ಮಾಡಿಸಿ. ಹಣ ಬರಲು ಪಿನ್ ಬೇಡ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ರಸೀದಿ ಕೊಡಲು ಪ್ಯಾನ್ ಸಂಖ್ಯೆ ಕೇಳುವುದು ಸಹಜ, ಆದರೆ ಒಟಿಪಿ ಯಾರಿಗೂ ಬೇಕಾಗುವುದಿಲ್ಲ. ಫೋನಿನ ಪರದೆಯನ್ನು ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಲು ಹೇಳಿದವರ ಕರೆಯನ್ನು ಮಾತು ಮುಗಿಯುವ ಮೊದಲೇ ಕಡಿದುಹಾಕುವುದು ತಪ್ಪಲ್ಲ.

ಎಂಟನೆಯ ಹಂತ: ಹಿರಿಯರೇ ಸಂತ್ರಸ್ತರಾಗಿದ್ದರೆ

ಮನೆ ಕಳೆದುಕೊಂಡು ಕಾಳಜಿ ಕೇಂದ್ರದಲ್ಲಿರುವ ಹಿರಿಯರಿಗೂ ‘ನಿಮ್ಮ ಪರಿಹಾರ ಮಂಜೂರಾಗಿದೆ, ಸಂಸ್ಕರಣಾ ಶುಲ್ಕ ಕಟ್ಟಿ’ ಎಂಬ ಕರೆ ಬರುತ್ತದೆ. ಮನೆ, ಬೆಳೆ ಮತ್ತು ಜೀವಹಾನಿಯ ಪರಿಹಾರಕ್ಕೆ ಕಂದಾಯ ಇಲಾಖೆಯವರು ಸ್ಥಳಕ್ಕೆ ಬಂದು ನೋಡಿ ವರದಿ ಮಾಡುತ್ತಾರೆ, ಹಣ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ, ಅದಕ್ಕೆ ಯಾವ ಶುಲ್ಕವೂ ಇಲ್ಲ. ಸಂದೇಹವಿದ್ದರೆ ಗ್ರಾಮ ಆಡಳಿತಾಧಿಕಾರಿಯನ್ನು, ಹಿರಿಯರ ಬಾಯಲ್ಲಿ ಇಂದಿಗೂ ಶಾನುಭೋಗರಾಗಿರುವವರನ್ನು, ಅಥವಾ ತಹಶೀಲ್ದಾರರ ಕಚೇರಿಯನ್ನು ವಿಚಾರಿಸಿ. ಎಲ್ಲವನ್ನೂ ಕಳೆದುಕೊಂಡವರಿಂದ ಉಳಿದದ್ದನ್ನೂ ಕಸಿಯುವ ಈ ಬಗೆಯ ಮೋಸ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಕಾಳಜಿ ಕೇಂದ್ರಗಳಲ್ಲಿ ಸ್ವಯಂಸೇವಕರಾಗಿ ದುಡಿಯುವ ಯುವಕರು ದಿನಕ್ಕೊಮ್ಮೆ ಈ ವಿಷಯವನ್ನು ಎಲ್ಲರೆದುರು ಹೇಳಬೇಕು. ಕೊಂಕಣಿ ಮನೆಮಾತಿನವರಿಗೆ ಕೊಂಕಣಿಯಲ್ಲಿಯೇ ಹೇಳಬೇಕು.

ಒಂಬತ್ತನೆಯ ಹಂತ: ಹಣ ಹೋದ ಮೇಲೆ

ಸಮಾಧಾನದ ಮಾತು ಆಮೇಲೆ. ಮೊದಲು 1930ಕ್ಕೆ ಕರೆ ಮಾಡಿ. ಇದು ಇಡೀ ದೇಶಕ್ಕೆ ಇರುವ ಸೈಬರ್ ಆರ್ಥಿಕ ವಂಚನೆಯ ಸಹಾಯವಾಣಿ. ದೂರು ದಾಖಲಾದ ಕೂಡಲೇ ವಿಷಯ ಸಂಬಂಧಪಟ್ಟ ಬ್ಯಾಂಕುಗಳಿಗೆ ತಲುಪಿ, ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ಉಳಿದಿದ್ದರೆ ಅದನ್ನು ತಡೆಹಿಡಿಯುತ್ತಾರೆ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಹಾಯಿಸಿ ಬೇಗನೆ ನಗದು ಮಾಡಿಕೊಳ್ಳುವುದರಿಂದ ಒಂದೊಂದು ನಿಮಿಷವೂ ಮುಖ್ಯ. ಕರೆ ಮಾಡುವಾಗ ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಹೋದ ಮೊತ್ತ, ದಿನ ಮತ್ತು ಸಮಯ, ಹಾಗೂ ವ್ಯವಹಾರದ 12 ಅಂಕಿಗಳ ಸಂಖ್ಯೆ ಕೈಯಲ್ಲಿರಲಿ. ಈ ಸಂಖ್ಯೆ ಯುಪಿಐ ಆ್ಯಪ್‌ನ ಹಳೆಯ ವ್ಯವಹಾರಗಳ ಪಟ್ಟಿಯಲ್ಲಿಯೂ ಬ್ಯಾಂಕಿನ ಎಸ್‌ಎಂಎಸ್‌ನಲ್ಲಿಯೂ ಸಿಗುತ್ತದೆ. ಲೈನ್ ಸಿಗದಿದ್ದರೆ ಮತ್ತೆ ಮತ್ತೆ ಪ್ರಯತ್ನಿಸಿ. ಊರಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಹೊರಗಿರುವ ಮಕ್ಕಳು ತಮ್ಮ ಫೋನಿನಿಂದಲೇ ಹಿರಿಯರ ಪರವಾಗಿ ಕರೆ ಮಾಡಬಹುದು.

ಅದರ ಜೊತೆಗೇ ಇನ್ನೊಬ್ಬರು ಬ್ಯಾಂಕಿಗೆ ಕರೆ ಮಾಡಿ ಯುಪಿಐ ಮತ್ತು ಕಾರ್ಡನ್ನು ಸ್ಥಗಿತಗೊಳಿಸಲಿ. ಮರುದಿನ ಶಾಖೆಗೆ ಹೋಗಿ ಲಿಖಿತ ದೂರು ಕೊಟ್ಟು, ಪ್ರತಿಯ ಮೇಲೆ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಸಂದೇಶ, ಚಿತ್ರ, ಕರೆಯ ಸಂಖ್ಯೆ ಯಾವುದನ್ನೂ ಅಳಿಸಬೇಡಿ. ನಾಚಿಕೆಯಿಂದ ಹಿರಿಯರು ಮೊದಲು ಮಾಡುವ ಕೆಲಸವೇ ಅದನ್ನು ಅಳಿಸುವುದು. ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟು, ರಾಷ್ಟ್ರೀಯ ಸೈಬರ್ ಅಪರಾಧ ವರದಿ ತಾಣದಲ್ಲಿ ಪೂರ್ಣ ದೂರು ಸಲ್ಲಿಸಿ. ಆನ್‌ಲೈನ್ ಕಷ್ಟವೆನಿಸಿದರೆ ಹತ್ತಿರದ ಯಾವುದೇ ಪೊಲೀಸ್ ಠಾಣೆಗೆ ಹೋಗಬಹುದು. ಈಗಿನ ಕಾನೂನಿನಂತೆ ಘಟನೆ ಎಲ್ಲಿ ನಡೆದಿದ್ದರೂ ಠಾಣೆಯಲ್ಲಿ ದೂರು ಸ್ವೀಕರಿಸಬೇಕು. ಇಂಥ ಪ್ರಕರಣಗಳಿಗೆಂದೇ ಕಾರವಾರದಲ್ಲಿ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು) ಅಪರಾಧ ಠಾಣೆ ಇದೆ. ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನ ವಂಚನೆ ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನ ಅಡಿ ಇದು ಅಪರಾಧ. ತಡೆಹಿಡಿದ ಹಣ ತಾನಾಗಿ ಖಾತೆಗೆ ಬಂದುಬಿಡುವುದಿಲ್ಲ, ಅದನ್ನು ಬಿಡಿಸಿಕೊಳ್ಳಲು ನ್ಯಾಯಾಲಯದ ಆದೇಶ ಬೇಕಾಗಬಹುದು. ಆದ್ದರಿಂದ ದೂರಿನ ಸಂಖ್ಯೆಯನ್ನು ಜೋಪಾನವಾಗಿಡಿ. ಹಣ ಹೋಗದಿದ್ದರೂ ಸಂಶಯದ ಕರೆ ಬಂದಿದ್ದರೆ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ತಾಣದಲ್ಲಿರುವ ಚಕ್ಷು ವ್ಯವಸ್ಥೆಯಲ್ಲಿ ತಿಳಿಸಿ.

‘ನಿಮ್ಮ ಹಣ ಹಿಂದಿರುಗಿಸಿ ಕೊಡುತ್ತೇವೆ, ಸ್ವಲ್ಪ ಖರ್ಚು ಕೊಡಿ’ ಎಂದು ಪೊಲೀಸರ ಅಥವಾ ವಕೀಲರ ಹೆಸರಿನಲ್ಲಿ ಇನ್ನೊಂದು ಕರೆ ಬಂದೀತು. ಅದು ಮೂರನೆಯ ಮೋಸ.

ಹತ್ತನೆಯ ಹಂತ: ಅನಂತರದ ದಿನಗಳು

ಮೋಸಹೋದ ಹಿರಿಯರು ಹಣಕ್ಕಿಂತ ಹೆಚ್ಚಾಗಿ ತಮ್ಮ ಮೇಲಿನ ನಂಬಿಕೆಯನ್ನು ಕಳೆದುಕೊಳ್ಳುತ್ತಾರೆ. ದೊಡ್ಡಾಯಿ ಕೆಲವು ತಿಂಗಳು ಫೋನನ್ನೇ ಮುಟ್ಟಲಿಲ್ಲ, ಊರಿನ ದೇವಕಾರ್ಯಕ್ಕೂ ನನ್ನನ್ನು ಕೇಳಿಯೇ ಕೊಡುತ್ತಿದ್ದರು. ಫೋನ್ ಕಿತ್ತುಕೊಳ್ಳುವುದು, ಬ್ಯಾಂಕಿನ ವ್ಯವಹಾರದಿಂದ ಪೂರ್ತಿ ದೂರವಿಡುವುದು ಅವರನ್ನು ಇನ್ನಷ್ಟು ಕುಗ್ಗಿಸುತ್ತದೆ. ಊಟ, ನಿದ್ರೆ ತಪ್ಪುತ್ತಿದ್ದರೆ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಿ ಮಾತನಾಡಿಸಬಹುದು. ಊರಿನಲ್ಲಿ ನಾಲ್ಕು ಜನರಿಗೆ ಗೊತ್ತಾಗಬಾರದೆಂಬ ಅವರ ಇಚ್ಛೆಯನ್ನು ಗೌರವಿಸಿ. ಆದರೆ ಅವರೇ ಒಪ್ಪಿ ತಮ್ಮ ಅನುಭವವನ್ನು ಭಜನಾ ಮಂಡಳಿಯಲ್ಲಿಯೋ ಸ್ತ್ರೀಶಕ್ತಿ ಸಂಘದಲ್ಲಿಯೋ ಹೇಳಿದರೆ, ಮಕ್ಕಳು ಹೇಳುವ ನೂರು ಮಾತಿಗಿಂತ ಅದಕ್ಕೆ ಹೆಚ್ಚು ತೂಕವಿರುತ್ತದೆ.

ಪ್ರತಿ ವರ್ಷ ಅಡಿಕೆ ಕೊನೆಗಳಿಗೆ ಮೊದಲ ಮದ್ದು ಹೊಡೆಯುವ ವಾರದಲ್ಲಿ ಗೋಡೆಯ ಹಾಳೆಯನ್ನು ಹೊಸದಾಗಿ ಬರೆಯಿರಿ. ಸಂಖ್ಯೆಗಳು ಬದಲಾಗಿರುತ್ತವೆ, ಖಾತೆ ಬದಲಾಗಿರುತ್ತದೆ. ಈ ಸಲ ನಮ್ಮ ಹಾಳೆಯನ್ನು ದೊಡ್ಡಾಯಿಯೇ ತಮ್ಮ ಗುಂಡು ಅಕ್ಷರದಲ್ಲಿ ಬರೆದಿದ್ದಾರೆ. ವರ್ಷದ ದಾನದ ಮೊತ್ತದ ಎದುರು ನಾನು ಹೇಳಿದ್ದಕ್ಕಿಂತ ಒಂದು ಸಾವಿರ ಹೆಚ್ಚೇ ಹಾಕಿದ್ದಾರೆ, ನಾನು ತಿದ್ದಲಿಲ್ಲ.